ಶಾಂತಿಕಾಲದ ಭಟನೂ ನಮ್ಮ ವೀರರಸವೂ

ವೀರರಸವೆಂದೊಡನೆ ನಮ್ಮ ಮನಸ್ಸಿಗೆ ತೋರುವದು ರಣರಂಗವು. ಖಡ್ಗದ ಮಿಂಚು, ಆನೆಗಳ ಘೀಳು, ನೆತ್ತರಿನ ಕಾಲುವೆ, ಕಡೆಯಲ್ಲಿ ಬಿದ್ದ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಇಷ್ಟಾದರೆ ಕವಿಯೂ ಕೃತಾರ್ಥನು, ಓದುಗನೂ ಕೃತಾರ್ಥನು. ಆದರೆ ಭಟನ ಆಯುಷ್ಯದಲ್ಲಿ ರಣದ ದಿನಗಳೆಷ್ಟು? ಎಣಿಸಿ ನೋಡಿದರೆ ಬೆರಳೆಣಿಕೆಯವು. ಎಷ್ಟೋ ಮಂದಿಗೆ ಅವೂ ಇಲ್ಲ. ಉಳಿದ ಸಾವಿರಾರು ದಿನಗಳನ್ನು ಕುರಿತು ನಮ್ಮ ಸಾಹಿತ್ಯವು ಏನು ಹೇಳುತ್ತದೆ? ಈ ಪ್ರಶ್ನೆಯನ್ನು ನಾನಾಗಿ ಎತ್ತಿದವನಲ್ಲ. ನನ್ನ ಶಿಷ್ಯನೊಬ್ಬನು ಎತ್ತಿದನು. ಉತ್ತರ ಕೊಡಲಾರದೆ ನಾನು ತಲೆ ತಗ್ಗಿಸಿದೆನು.

ಅವನು ಇಳಕಲ್ಲಿನ ನೇಕಾರರ ಮನೆಯ ಹುಡುಗನು. ಪದವಿಯನ್ನು ಪಡೆದು, ಪರೀಕ್ಷೆಗೆ ಕುಳಿತು, ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ ೪೯ ವಾರಗಳ ಶಿಕ್ಷಣವನ್ನು ಮುಗಿಸಿ, ಹೆಗಲಿನ ಮೇಲೆ ಎರಡು ನಕ್ಷತ್ರಗಳ ಲೆಫ್ಟನೆಂಟನಾದನು. ನಮ್ಮ ದೇಶದಲ್ಲಿ ಬಲವಂತದ ಸೈನ್ಯಭರತಿ ಇಲ್ಲ. ಅಲ್ಲಿಗೆ ಹೋದವನು ತಾನೇ ಬಯಸಿ ಹೋದವನು. ಕಳೆದ ದೀಪಾವಳಿಗೆ ರಜೆಯ ಮೇಲೆ ಊರಿಗೆ ಬಂದಾಗ ಓಣಿಯವರೆಲ್ಲರೂ ಅವನನ್ನು ಕೇಳಿದ ಮೊದಲನೆಯ ಮಾತು, "ಯುದ್ಧ ನೋಡಿಯೇನಪಾ?" ಎಂಬದು. "ಇಲ್ರಿ" ಎಂದನು. "ಹಂಗಾದ್ರ ದಿನಾ ಏನ್ ಮಾಡ್ತೀರಿ ಅಲ್ಲೆ?" ಎಂದು ಎರಡನೆಯ ಮಾತು. ಅದರಲ್ಲಿ ಹಗೆಯಿರಲಿಲ್ಲ, ಆದರೂ ಹುಡುಗನ ಮುಖ ಕಳೆಗುಂದಿತೆಂದು ಅವನ ತಾಯಿ ನನ್ನೊಡನೆ ಹೇಳಿದರು.

ದಿನಾಲು ಏನು ಮಾಡುವನೆಂಬದನ್ನು ಅವನು ನನ್ನ ಮನೆಯಲ್ಲಿ ಕುಳಿತು ಒಂದು ಸಂಜೆಯೆಲ್ಲ ಹೇಳಿದನು. ಪಡೆಯನ್ನು ಸೇರಿದ ಮೊದಲ ಕೆಲವು ವಾರ ಜವಾನರ ಬ್ಯಾರಕ್ಕಿನಲ್ಲಿಯೇ ಮಲಗಿ, ಅವರ ಲಂಗರಿನಲ್ಲಿಯೇ ಉಂಡನಂತೆ. ತನ್ನ ಪ್ಲಟೂನಿನ ಮೂವತ್ತು ಚಿಲ್ಲರೆ ಮಂದಿಯ ಹೆಸರು, ಊರು, ಮನೆಯ ಮಕ್ಕಳ ಸಂಖ್ಯೆ ಇವನ್ನು ಬಾಯಿಪಾಠ ಮಾಡಿದನಂತೆ. ಅವರಲ್ಲಿ ಕನ್ನಡ ಬಲ್ಲವನು ಒಬ್ಬನೂ ಇಲ್ಲ. ಇಪ್ಪತ್ತೈದು ವರುಷ ಸೇವೆ ಮಾಡಿದ ಸುಬೇದಾರನು ಈ ಎಳೆಯನಿಗೆ ಸಲಾಮು ಮಾಡುವನು. ಈ ಎಳೆಯನು ಆ ಹಿರಿಯನನ್ನು "ಸಾಹೇಬ" ಎಂದು ಕರೆದು ಕೆಲಸವನ್ನು ಕಲಿಯುವನು. ಬೆಳಗಾದರೆ ಕಸರತ್ತು, ಪರೇಡು. ಬಳಿಕ ಶಸ್ತ್ರಾಗಾರದ ವಹಿ. ಬಂದೂಕುಗಳನ್ನು ಒಂದೊಂದಾಗಿ ಎಣಿಸಿ ರುಜು ಹಾಕತಕ್ಕದ್ದು. ಅಡಿಗೆಮನೆಯ ತಪಾಸಣೆ. ಪಾಳಿ ಬಂದ ರಾತ್ರಿ ಎದ್ದು ಹೋಗಿ ಕಾವಲಿನವರು ಎಚ್ಚರಿರುವರೋ ಇಲ್ಲವೋ ನೋಡತಕ್ಕದ್ದು. ಎಲ್ಲಕ್ಕಿಂತ ಕಠಿಣವಾದದ್ದು ರಜೆಯ ಪಟ್ಟಿ. ಒಬ್ಬನ ತಂಗಿಯ ಮದುವೆ, ಇನ್ನೊಬ್ಬನ ಸುಗ್ಗಿ, ಮತ್ತೊಬ್ಬನ ತಾಯಿಗೆ ಕಾಯಿಲೆ. ಮೂವರಲ್ಲಿ ಒಬ್ಬನನ್ನೇ ಕಳಿಸಲು ಬರುವಂತಿದ್ದರೆ ಯಾರನ್ನು ಕಳಿಸುವದು? ಊರಿನಲ್ಲಿ ದಾಯಾದಿಗಳು ಹೊಲವನ್ನು ಒತ್ತಿದರೆಂದು ಜವಾನನೊಬ್ಬನು ಅತ್ತರೆ, ಅವನ ಜಿಲ್ಲಾಧಿಕಾರಿಗಳಿಗೆ ಪತ್ರ ಬರೆಯುವ ಕೆಲಸವೂ ಇವನದೇ. ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ದಿವಾಣಿ ಮತ್ತು ಕಂದಾಯದ ವ್ಯಾಜ್ಯಗಳಿಗೆ ರಕ್ಷಣೆ ಕೊಡುವ ಕಾಯಿದೆಯೊಂದು ೧೯೨೫ರಿಂದ ಇರುವದೆಂಬದನ್ನು ನಾನು ಅವನಿಂದಲೇ ತಿಳಿದೆನು.

ಎಲ್ಲ ಹೇಳಿ ಮುಗಿಸಿ ಅವನು ಕೇಳಿದನು: "ಗುರುಗಳ, ರಣದಾಗ ಸಾಯೂದು ಹೆಂಗ ಅಂತ ಭಾಳ ಕಲಿಸೀರಿ. ಇನ್ನ ಹತ್ತ ವರ್ಷ ದಿನಾ ಹೆಂಗ ಇರಬೇಕು ಅನ್ನೂದಕ್ಕ ಒಂದ ಪುಸ್ತಕ ಇದ್ರ ಕೊಡ್ರಿ." ನಾನು ಎದ್ದು ಕಪಾಟಿನ ಬಾಗಿಲನ್ನು ತೆರೆದೆನು. ಕೊಡಲು ಕೈಗೆ ಒಂದೂ ಸಿಗಲಿಲ್ಲ. ಅವನು ಹೋದ ಮೇಲೆ ಹಳೆಯ ಗ್ರಂಥಗಳನ್ನು ಈ ಒಂದೇ ದೃಷ್ಟಿಯಿಂದ ಮತ್ತೆ ತಿರುವಿ ಹಾಕಿದೆನು. ಅದರ ಫಲವೇ ಈ ಲೇಖನವು.

ಮೊದಲು ಶಾಸ್ತ್ರವನ್ನು ನೋಡೋಣ. ಶಾಸ್ತ್ರಕಾರರು ಈ ವಿಷಯದಲ್ಲಿ ಕುರುಡರಲ್ಲ. ಭರತಮುನಿಯ ಮತದಲ್ಲಿ ವೀರಕ್ಕೆ ಸ್ಥಾಯಿಯಾದದ್ದು ಉತ್ಸಾಹವು. ಕ್ರೋಧವು ರೌದ್ರಕ್ಕೆ ಸೇರಿದ್ದು. ವೀರದ ಸಂಚಾರಿಗಳಲ್ಲಿ ಧೃತಿ, ಮತಿ ಇವು ಎಣಿಕೆಗೆ ಬರುತ್ತವೆ. ದಾನವೀರ, ಧರ್ಮವೀರ, ಯುದ್ಧವೀರ ಎಂದು ಅವನು ಮೂರು ಬಗೆ ಹೇಳಿದರೆ ಮುಂದಿನ ಆಲಂಕಾರಿಕರು ದಯಾವೀರನನ್ನೂ ಕೂಡಿಸಿದರು. ಇನ್ನು ಕೌಟಿಲ್ಯನು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ, ಆನೆ ಕುದುರೆ ರಥ ಕಾಲಾಳುಗಳು ಸಂಧಿದಿನಗಳನ್ನು ಬಿಟ್ಟು ಪ್ರತಿದಿನವೂ ಸೂರ್ಯೋದಯಕ್ಕೆ ಊರ ಹೊರಗೆ ಅಭ್ಯಾಸ ಮಾಡಬೇಕೆಂದೂ, ರಾಜಮುದ್ರೆಯನ್ನೊತ್ತಿದ ಆಯುಧಗಳನ್ನು ಆಯುಧಾಗಾರದಲ್ಲಿ ಇಡಬೇಕೆಂದೂ, ಕರ್ತವ್ಯದಲ್ಲಿ ಸತ್ತವರ ಹೆಂಡಿರುಮಕ್ಕಳಿಗೆ ಅನ್ನವೇತನಗಳು ಸಲ್ಲಬೇಕೆಂದೂ ವಿಧಿಸಿದ್ದಾನೆ. ನನ್ನ ಶಿಷ್ಯನ ಬೆಳಗಿನ ಪರೇಡೂ ಶಸ್ತ್ರಾಗಾರದ ವಹಿಯೂ ಅಲ್ಲಿ ಆಗಲೇ ಇವೆ. ಶಾಸ್ತ್ರವು ಕಂಡದ್ದನ್ನು ಕಾವ್ಯವು ಏಕೆ ಕಾಣಲಿಲ್ಲವೆಂಬದೇ ಪ್ರಶ್ನೆಯು.

ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ದೇವಕನ್ಯೆಯರು, ಮೇಲೆ ಶಿವಲಿಂಗದ ಸಾನ್ನಿಧ್ಯ. ಮೂರೇ ಅಂತಸ್ತುಗಳಲ್ಲಿ ಒಬ್ಬ ಮನುಷ್ಯನ ಕಥೆ ಮುಗಿಯಿತು. ಕಾಳಗದ ಪಟ್ಟಿಕೆಯ ಕೆಳಗೆ ಇನ್ನೊಂದು ಇದ್ದು, ಅಲ್ಲಿ ಅವನು ರಾತ್ರಿ ಊರಬಾಗಿಲನ್ನು ಕಾಯುತ್ತ ನಿಂತದ್ದನ್ನು ಕಡೆಯಬಹುದಾಗಿತ್ತು. ಶಿಲ್ಪಿಗೆ ಅದು ಬೇಕೆನಿಸಲಿಲ್ಲ. ಲಾವಣಿಯೂ ಇದೇ ದಾರಿ ಹಿಡಿಯಿತು. ೧೮೫೭ರಲ್ಲಿ ಸರಕಾರವು ಆಯುಧಗಳನ್ನು ಒಪ್ಪಿಸೆಂದಾಗ ಒಪ್ಪದೆ ಕಾದಿ ಮಡಿದ ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಇಂದಿಗೂ ಅದನ್ನು ಕೇಳಿದರೆ ಮೈ ನವಿರೇಳುವದು. ಆದರೆ ಆ ಬೇಡರಿಗೆ ಆಯುಧವು ನಿತ್ಯ ಜೀವನದ ಒಡವೆಯಾಗಿತ್ತು. ಅದಕ್ಕಾಗಿಯೇ ಅವರು ಪ್ರಾಣ ಕೊಟ್ಟರು. ಆ ನಿತ್ಯ ಜೀವನವು ಎಂಥದಿತ್ತೆಂಬದು ನಮಗೆ ಲಾವಣಿಯಿಂದ ತಿಳಿಯದು.

ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುಟಿಯ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿಯ ಪ್ರಶಸ್ತಿಯಿದೆ. ಶಕ ೫೫೬, ಎಂದರೆ ಕ್ರಿ.ಶ. ೬೩೪ರದು. ಹರ್ಷನ ಹರ್ಷವು ಭಯದಿಂದ ಇಳಿದುಹೋಯಿತೆಂಬ ಅದರ ಶ್ಲೇಷವನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿ ಹಿಗ್ಗಿದ್ದೇನೆಂಬದಕ್ಕೆ ಲೆಕ್ಕವಿಲ್ಲ. ಪುಲಕೇಶಿಯ ದಂಡಯಾತ್ರೆಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ದಂಡು ಮಾತ್ರ ಕಾಣುವದಿಲ್ಲ. ದಂಡಿನವರ ಬಗ್ಗೆ ಒಂದೆರಡು ಮಾತನ್ನು ನಾವು ಪರದೇಶೀಯನಾದ ಹ್ಯುಯೆನ್ ತ್ಸಾಂಗನಿಂದಲೇ ಕೇಳಬೇಕಾಗಿದೆ. ಸೋತು ಬಂದ ಸೇನಾಪತಿಗೆ ಈ ನಾಡಿನಲ್ಲಿ ದೇಹದಂಡನೆಯಿಲ್ಲ, ಹೆಂಗಸಿನ ಉಡಿಗೆಯನ್ನು ಕೊಡುವರು, ಆ ನಾಚಿಕೆಗೆ ಅವನು ಪ್ರಾಣವನ್ನೇ ಬಿಡುವನೆಂದು ಆತನು ಬರೆದನು. ಗೆದ್ದರೆ ಪ್ರಶಸ್ತಿ, ಸೋತರೆ ಸೀರೆ. ಎರಡರ ನಡುವೆ ಕಾದು ನಿಂತವನಿಗೆ ಏನೂ ಇಲ್ಲ. ಪ್ರಶಸ್ತಿಯನ್ನು ಕಡೆದ ಎಂಟೇ ವರುಷಗಳಲ್ಲಿ, ೬೪೨ರಲ್ಲಿ, ವಾತಾಪಿಯು ಪಲ್ಲವರ ಕೈಸೇರಿತು. ಕಲ್ಲಿನ ಮೇಲಿನ ಗೆಲವು ಕೋಟೆಯನ್ನು ಕಾಯಲಿಲ್ಲವೆಂಬದನ್ನು ಮಾತ್ರ ಇಲ್ಲಿ ನೆನೆಯತಕ್ಕದ್ದು.

ಮುಧೋಳದ ರನ್ನನಿಗೆ ಬರೋಣ. ಗದಾಯುದ್ಧದಲ್ಲಿ ದುರ್ಯೋಧನನು ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುವ ಭಾಗಕ್ಕೆ ಸಮನಾದದ್ದು ಕನ್ನಡದಲ್ಲಿ ವಿರಳವು. ದ್ರೋಣ, ದುಶ್ಶಾಸನ, ಕರ್ಣ ಹೀಗೆ ಒಬ್ಬೊಬ್ಬನ ಬಳಿ ನಿಂತು ಅವನು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ತಲೆದೂಗುತ್ತಾನೆ. ಇಷ್ಟು ದಿನ ಇದನ್ನು ಕರುಣದ ಪರಾಕಾಷ್ಠೆಯೆಂದು ಓದಿದೆನು, ಓದಿಸಿದೆನು. ಶಿಷ್ಯನ ಮಾತನ್ನು ಕೇಳಿದ ಮೇಲೆ ಅದೇ ಭಾಗವು ಬೇರೊಂದು ಅರ್ಥವನ್ನು ಕೊಟ್ಟಿತು. ಈ ಒಡೆಯನು ತನ್ನವರ ಬಳಿ ಒಬ್ಬೊಬ್ಬನಾಗಿ ನಿಲ್ಲುವದು ಅವರು ಹೆಣವಾದ ಮೇಲೆ. ಹೆಸರು ಹಿಡಿದು ಕರೆಯಲು ಸಾವು ಬರಬೇಕಾಯಿತು. ಮೂವತ್ತು ಮಂದಿಯ ಹೆಸರನ್ನು ಅವರು ಬದುಕಿರುವಾಗಲೇ ಬಾಯಿಪಾಠ ಮಾಡಿದ ಇಳಕಲ್ಲಿನ ಹುಡುಗನು ಆ ಚಕ್ರವರ್ತಿಗಿಂತ ಒಂದು ವಿಷಯದಲ್ಲಿ ಮೇಲಾದವನೆಂದು ನನಗೆ ತೋರುವದು. ರನ್ನನು ಇದನ್ನು ಉದ್ದೇಶಿಸಿ ಬರೆದನೆಂದು ನಾನು ಹೇಳುವದಿಲ್ಲ. ಮಹಾಕವಿಯ ಕೃತಿಯು ಕವಿಯ ಉದ್ದೇಶಕ್ಕಿಂತ ಹೆಚ್ಚಿನದನ್ನು ಹೇಳಬಲ್ಲದು.

ಹಾಗಾದರೆ ಈ ನಾಡಿನ ವಾಙ್ಮಯದಲ್ಲಿ ಶಾಂತಿಕಾಲದ ಭಟನು ಇಲ್ಲವೇ ಇಲ್ಲವೋ? ಇದ್ದಾನೆ, ನಾವು ಅವನನ್ನು ದಾಟಿ ಹೋಗಿದ್ದೇವೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ನಾವೆಲ್ಲರೂ ತ್ರಿಪದಿಯ ಮೂಲವನ್ನು ಹುಡುಕುವದಕ್ಕಾಗಿ ಓದಿದೆವು, ಮನುಷ್ಯನನ್ನು ನೋಡಲಿಲ್ಲ. ಸುಮಾರು ೭೦೦ರ ಆ ಚಿಕ್ಕ ಶಾಸನದಲ್ಲಿ ಕಾಳಗದ ಹೆಸರಿಲ್ಲ, ಕೊಂದವರ ಎಣಿಕೆಯಿಲ್ಲ. ಇರುವದು ಸ್ವಭಾವದ ವರ್ಣನೆ: ಒಳ್ಳೆಯವರೊಡನೆ ಒಳ್ಳೆಯವನು, ಸವಿಯಾದವರೊಡನೆ ಸವಿಯಾದವನು, ಪೀಡಿಸಬಂದವನಿಗೆ ಮಾತ್ರ ಭಯಂಕರನು. ಇದರೊಡನೆ ಸಂಸ್ಕೃತ ಶ್ಲೋಕವೊಂದರಲ್ಲಿ, ಸಾವಿನ ದುಃಖವು ಒಂದು ಕ್ಷಣದ್ದು, ಮಾನಭಂಗದ ದುಃಖವಾದರೋ ದಿನದಿನದ್ದು ಎಂಬ ಅಭಿಪ್ರಾಯವಿದೆ. ಈ ಮಾತನ್ನು ಸಾಯುವದಕ್ಕೆ ಕೊಟ್ಟ ಪ್ರೋತ್ಸಾಹವೆಂದೇ ನಾವು ಎಲ್ಲರೂ ತಿಳಿದೆವು. ತುಸು ನಿಂತು ವಿಚಾರಿಸಬೇಕು. ಮಾನಭಂಗವು ದಿನದಿನದ್ದಾದರೆ ಮಾನರಕ್ಷಣೆಯೂ ದಿನದಿನದ್ದೇ ಆಗಬೇಕಷ್ಟೆ. ಎಣಿಸದೆ ಶಸ್ತ್ರದ ವಹಿಗೆ ರುಜು ಹಾಕಿದ ದಿನ, ಬೇಕಾದವನಿಗೆ ರಜೆ ಕೊಟ್ಟು ಬೇಡದವನಿಗೆ ತಪ್ಪಿಸಿದ ದಿನ ಅಧಿಕಾರಿಯ ಮಾನವು ಹೋಯಿತು. ಯಾರೂ ಕಾಣದಿದ್ದರೂ ಹೋಯಿತು. ಬಾದಾಮಿಯ ಬಂಡೆಯು ರಣಭೂಮಿಗಿಂತ ಈ ಬಾಳಿಗೇ ಹೆಚ್ಚು ಒಪ್ಪುವದೆಂದು ನನ್ನ ಮತವು.

ಎರಡನೆಯವನು ಬಾಣಭಟ್ಟನು. ಹರ್ಷಚರಿತದ ಏಳನೆಯ ಉಚ್ಛ್ವಾಸದಲ್ಲಿ ದಂಡು ಬೆಳಗಿನ ಜಾವದಲ್ಲಿ ಹೊರಡುತ್ತದೆ. ಗೂಟಗಳನ್ನು ಕೀಳುವವರು, ಡೇರೆಗಳನ್ನು ಮಡಿಸುವವರು, ಅಡಿಗೆಯ ಪಾತ್ರೆಗಳನ್ನು ಹೊತ್ತವರು, ಹಟ ಮಾಡುವ ಪ್ರಾಣಿಗಳು, ಗೊಣಗುವ ಆಳುಗಳು, ಬೆಳೆ ಹಾಳಾಯಿತೆಂದು ಅರಸನನ್ನೇ ಬಯ್ಯುವ ಹಳ್ಳಿಗರು; ಯಾವದನ್ನೂ ಬಿಟ್ಟಿಲ್ಲ. ಒಂದು ಬಾಣವನ್ನೂ ಬಿಡದೆ ದಂಡಿನ ಜೀವನವನ್ನು ಇಷ್ಟು ರಮ್ಯವಾಗಿ ಬರೆಯಬಹುದೆಂಬದಕ್ಕೆ ಇದು ಪ್ರಮಾಣವು. ನಮ್ಮ ಪುಲಕೇಶಿಯು ತಡೆದದ್ದು ಈ ಹರ್ಷನ ದಂಡನ್ನೇ. ಗೆದ್ದವನ ಕವಿಯು ಗೆಲವನ್ನು ಬರೆದನು. ತಡೆಯಲ್ಪಟ್ಟವನ ಕವಿಯು ಮನುಷ್ಯರನ್ನು ಬರೆದನು. ಈ ಒಂದು ಪಂದ್ಯದಲ್ಲಿ ನಾವು ಸೋತೆವೆಂದು ಒಪ್ಪಿಕೊಳ್ಳುವದರಲ್ಲಿ ನಾಚಿಕೆಯಿಲ್ಲ.

ಮೂರನೆಯವನೂ ಮುಖ್ಯನೂ ಆದವನು ಭಾರವಿಯು. ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡ ಐಹೊಳೆಯ ರವಿಕೀರ್ತಿಯು ಆ ಕವಿಯಿಂದ ಕಲಿಯಬಹುದಾಗಿದ್ದ ಪಾಠವೊಂದಿತ್ತು. ಕಿರಾತಾರ್ಜುನೀಯದಲ್ಲಿ ಕಾಲವು ವನವಾಸದ್ದು. ಯುದ್ಧವು ಇನ್ನೂ ದೂರವಿದೆ. ಹಗೆಯು ಸುಮ್ಮನೆ ಕುಳಿತಿಲ್ಲ, ಚೆನ್ನಾಗಿ ಆಳಿ ಪ್ರಜೆಗಳ ಮನಸ್ಸನ್ನು ಒಲಿಸಿಕೊಳ್ಳುತ್ತಿದ್ದಾನೆಂದು ಗೂಢಚಾರನು ವರದಿ ತರುತ್ತಾನೆ. ದ್ರೌಪದಿಯೂ ಭೀಮನೂ ಈಗಲೇ ಏಳೆನ್ನುತ್ತಾರೆ. ದುಡುಕಬಾರದೆಂದು ಧರ್ಮರಾಜನು ಹೇಳುತ್ತಾನೆ. ಕಾಯುವವನು ಅಂಜಿದವನಲ್ಲವೆಂಬದನ್ನು ಇಷ್ಟು ಗಂಭೀರವಾಗಿ ವಾದಿಸಿದ ಕಾವ್ಯವು ಇನ್ನೊಂದಿಲ್ಲ. ಮುಂದೆ ಹನ್ನೊಂದನೆಯ ಸರ್ಗದಲ್ಲಿ ಇಂದ್ರನು ಮುದಿ ಮುನಿಯ ವೇಷದಿಂದ ಬಂದು, ತಪಸ್ವಿಯಾದ ನಿನಗೆ ಬಿಲ್ಲೂ ಕವಚವೂ ಏಕೆಂದು ಅರ್ಜುನನನ್ನು ಕೇಳುತ್ತಾನೆ. ತಾನು ಮೋಕ್ಷಕ್ಕಾಗಿ ಕುಳಿತವನಲ್ಲ, ಅಣ್ಣನ ಆಜ್ಞೆಯಲ್ಲಿರುವವನು, ಕುಲದ ಮಾನವನ್ನು ತೊಳೆಯಬಂದವನು ಎಂದು ಅರ್ಜುನನು ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತಾನೆ. ಆಯುಧವನ್ನು ಧರಿಸಿ ತಪಸ್ಸು! ಶಾಂತಿಕಾಲದ ಅಧಿಕಾರಿಯ ಸ್ಥಿತಿಗೆ ಇದಕ್ಕಿಂತ ಸರಿಯಾದ ಹೆಸರು ನನಗೆ ತೋಚುವದಿಲ್ಲ. ಇಳಕಲ್ಲಿನ ಓಣಿಯವರ ಪ್ರಶ್ನೆಯೂ ಇಂದ್ರನ ಪ್ರಶ್ನೆಯೂ ಒಂದೇ. ಉತ್ತರವು ಹುಡುಗನ ಕೈಯಲ್ಲಿರಲಿಲ್ಲ, ಏಕೆಂದರೆ ನಾನು ಅದನ್ನು ಕೊಟ್ಟಿರಲಿಲ್ಲ.

ಪಾಶ್ಚಾತ್ಯರಲ್ಲಿ ಈ ವಿಷಯಕ್ಕೇ ಮೀಸಲಾದ ಪುಸ್ತಕಗಳಿವೆ. ಫ್ರೆಂಚ್ ಕವಿ ಆಲ್ಫ್ರೆಡ್ ದ ವಿನ್ಯಿಯು ನೆಪೋಲಿಯನ್ನನ ಯುದ್ಧಗಳು ತೀರಿಬರುವಾಗ, ೧೮೧೪ರಲ್ಲಿ, ಹುಡುಗನಾಗಿ ಸೈನ್ಯವನ್ನು ಸೇರಿ, ೧೮೨೭ರಲ್ಲಿ ಕ್ಯಾಪ್ಟನ್ ದರ್ಜೆಯಲ್ಲಿ ಬಿಟ್ಟನು. ಯುದ್ಧದ ಮುಖವನ್ನೇ ಕಾಣಲಿಲ್ಲ. ಸೈನಿಕನ ದಾಸ್ಯವನ್ನೂ ಮಹಿಮೆಯನ್ನೂ ಕುರಿತ ಅವನ ಪುಸ್ತಕವು ೧೮೩೫ರಲ್ಲಿ ಹೊರಬಿದ್ದಿತು. ಆಜ್ಞಾಧಾರಕತೆಯು ದಾಸ್ಯವೆಂಬದನ್ನು ಅವನು ಮರೆಮಾಚುವದಿಲ್ಲ. ಆ ದಾಸ್ಯವನ್ನು ಹೊರಲು ಮಾನವೊಂದೇ ಆಸರೆಯೆಂದು ಸಾಧಿಸುತ್ತಾನೆ. ಇಟಲಿಯ ದೀನೋ ಬುಜ್ಜಾತಿಯು ೧೯೪೦ರಲ್ಲಿ ಬರೆದ ತಾರ್ತಾರರ ಮರುಭೂಮಿಯ ಕಾದಂಬರಿಯಲ್ಲಿ ದ್ರೋಗೋ ಎಂಬ ಎಳೆಯ ಅಧಿಕಾರಿಯು ಗಡಿಯ ಕೋಟೆಗೆ ಬಂದು ಶತ್ರುವಿಗಾಗಿ ಕಾಯುತ್ತ ಮುದುಕನಾಗುತ್ತಾನೆ. ಶತ್ರುವು ಕಡೆಗೆ ಬಂದಾಗ ರೋಗಿಯೆಂದು ಅವನನ್ನು ಕೋಟೆಯಿಂದ ಸಾಗಿಸುತ್ತಾರೆ. ಇದನ್ನು ಓದಿ ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಆದರೂ ನನ್ನ ಶಿಷ್ಯನ ಕೈಗೆ ಅದನ್ನು ಕೊಡುವ ಮೊದಲು ಒಂದು ಮಾತು ಹೇಳುವೆನು. ದ್ರೋಗೋ ಶತ್ರುವಿಗಾಗಿ ಮಾತ್ರ ಕಾದನು. ಪಕ್ಕದಲ್ಲಿದ್ದ ಮನುಷ್ಯರಿಗಾಗಿ ಬಾಳಲಿಲ್ಲ. ಅವನ ಬಾಳು ಬರಿದಾದದ್ದಕ್ಕೆ ಅದೇ ಕಾರಣವು. ೧೯೩೨ರಲ್ಲಿ ಡೆಹರಾಡೂನಿನ ಅಕಾಡೆಮಿಯನ್ನು ತೆರೆಯುವಾಗ ಚೆಟ್‌ವುಡ್ ಸೇನಾಪತಿಯು ಹಾಕಿಕೊಟ್ಟ ಕ್ರಮವು ಎಲ್ಲರಿಗೂ ಗೊತ್ತಿದೆ: ದೇಶವು ಮೊದಲು, ಕೈಕೆಳಗಿನವರು ಆಮೇಲೆ, ತನ್ನ ಸುಖವು ಎಂದಿಗೂ ಕಡೆಗೆ. ಇವುಗಳಲ್ಲಿ ಎರಡನೆಯದಕ್ಕೆ ಯುದ್ಧವು ಬರುವವರೆಗೆ ಕಾಯಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಘಟನೆಯಿಲ್ಲದೆ ಕಥೆಯೆಲ್ಲಿಂದ ಬಂತು ಎಂಬದು ಒಂದು. ಇದಕ್ಕೆ ಬಾಣನೇ ಉತ್ತರವು. ಹೊಸಗನ್ನಡದಲ್ಲಿ ೧೯೭೯ರ 'ಪರ್ವ'ವೂ ಉತ್ತರವು. ಅಲ್ಲಿ ಭೈರಪ್ಪನವರು ಭಾರತಯುದ್ಧದ ಅನ್ನ, ನೀರು, ದುರ್ನಾತಗಳನ್ನು ಬರೆದು ಮಹಾಕಾವ್ಯದ ಭಟರಿಗೆ ಮನುಷ್ಯದೇಹವನ್ನು ಕೊಟ್ಟರು. ಅದು ಯುದ್ಧಕಾಲದ ಚಿತ್ರವು ನಿಜ; ಆದರೆ ಆ ಕಣ್ಣು ಇದ್ದರೆ ಶಾಂತಿಕಾಲದ ಬ್ಯಾರಕ್ಕಿನಲ್ಲಿಯೂ ಕಥೆ ಕಂಡೀತು. ರಜೆಯ ಪಟ್ಟಿಯ ಮೂವರನ್ನು ನೆನೆಯಿರಿ, ಅದು ಕಥೆಯಲ್ಲವೆ?

ಹುತಾತ್ಮರ ಗೌರವಕ್ಕೆ ಇದರಿಂದ ಕುಂದು ಬರುವದಿಲ್ಲವೆ ಎಂಬದು ಎರಡನೆಯದು. ಬರುವದಿಲ್ಲ. ಒಂದು ದಿನ ಚೆನ್ನಾಗಿ ಮಡಿದವನು ಅದಕ್ಕೆ ಮುಂಚಿನ ಸಾವಿರ ದಿನ ಚೆನ್ನಾಗಿ ಬಾಳಿದವನೇ ಆಗಿರುತ್ತಾನೆ. ಕೊಡಗಿನ ಕಾರಿಯಪ್ಪನವರು ೧೯೪೯ನೆಯ ಜನೆವರಿ ೧೫ರಂದು ಭಾರತ ಸೈನ್ಯದ ಮೊದಲನೆಯ ಭಾರತೀಯ ಮಹಾದಂಡನಾಯಕರಾದದ್ದನ್ನು ಪ್ರತಿವರುಷವೂ ನೆನೆಯುತ್ತೇವೆ. ಇಂದೂರಿನಲ್ಲಿ ತರಬೇತಿಯನ್ನು ಹೊಂದಿ ೧೯೧೯ರಲ್ಲಿ ಅವರು ಅಧಿಕಾರಿಯಾದ ದಿನದಿಂದ ಅಲ್ಲಿಯವರೆಗಿನ ಮೂವತ್ತು ವರುಷಗಳನ್ನು ಎಷ್ಟು ಮನೆಗಳಲ್ಲಿ ನೆನೆಯುವರು? ಇಳಕಲ್ಲಿನ ಸೀರೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವದು ಕೆಂಪು ಸೆರಗು. ಕುಣಿಮಗ್ಗದ ಮೇಲೆ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿದವರ ಕೆಲಸವು ಉಟ್ಟವರಿಗೂ ಕಾಣದು. ಆ ಕೂಡಿಕೆ ಸಡಿಲವಾದರೆ ಸೆರಗು ನಿಲ್ಲದೆಂಬದನ್ನು ಆ ಊರಿನ ಮಕ್ಕಳೂ ಬಲ್ಲರು.

ನಮ್ಮ ಜಿಲ್ಲೆಯವರು ಸೈನ್ಯವನ್ನು ಹತ್ತಿರದಿಂದ ಕಂಡದ್ದು ಯುದ್ಧದಲ್ಲಿ ಅಲ್ಲ. ೨೦೧೯ರ ಆಗಸ್ಟದಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂವರೂ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದಾಗ, ದೋಣಿಗಳನ್ನು ತಂದು ಹಳ್ಳಿಗರನ್ನು ದಾಟಿಸಿದವರಲ್ಲಿ ಸೈನಿಕರೂ ಇದ್ದರು. ಅಂಥ ತಂಡವನ್ನು ನಡೆಸುವವನು ಹಲವು ಸಲ ಇಪ್ಪತ್ತೈದರ ಒಳಗಿನ ಒಬ್ಬ ಅಧಿಕಾರಿಯು. ಅವನ ಹೆಸರನ್ನು ನಾವು ಕೇಳಲಿಲ್ಲ. ಕೆಲಸ ಮುಗಿದ ಮೇಲೆ ಅವರು ಹೋದರು. ನಾವು ಮನೆಯ ಕೆಸರನ್ನು ಬಳಿಯತೊಡಗಿದೆವು. ಆಲಂಕಾರಿಕರ ದಯಾವೀರನು ಮಲಪ್ರಭೆಯ ದಂಡೆಯ ಮೇಲೆ ನಿಂತಿದ್ದನು. ಅವನ ಮೇಲೆ ನಮ್ಮಲ್ಲಿ ಯಾರೂ ಒಂದು ಪದ್ಯವನ್ನು ಕಟ್ಟಲಿಲ್ಲ.

ನನ್ನ ತಪ್ಪನ್ನೂ ಹೇಳಿ ಮುಗಿಸುವೆನು. ಮೂವತ್ತು ವರುಷ ಶಾಲೆಯ ವಾರ್ಷಿಕೋತ್ಸವಗಳಲ್ಲಿ ವೀರರಸದ ಹೆಸರಿನಿಂದ ನಾನು ಮಕ್ಕಳ ಬಾಯಲ್ಲಿ ಹಾಡಿಸಿದ್ದು ಸಾವಿನ ಪದ್ಯಗಳನ್ನೇ. ಕೇಳಿದ ತಾಯ್ತಂದೆಗಳು ಕಣ್ಣೊರಸಿಕೊಂಡು ಚಪ್ಪಾಳೆ ತಟ್ಟಿದರು. ಸತ್ತರೆ ಮಾತ್ರ ದೊಡ್ಡವನಾಗುವೆನೆಂದು ಒಬ್ಬ ಹುಡುಗನು ತಿಳಿದರೆ, ಬದುಕಿ ಮರಳಿದಾಗ ಅವನು ಮುಖವನ್ನು ತಗ್ಗಿಸದೆ ಇನ್ನೇನು ಮಾಡಿಯಾನು? ಆದುದರಿಂದ ಈ ಪತ್ರಿಕೆಯ ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ನಿಮ್ಮ ಮನೆಗಳಲ್ಲಿ ಸೈನ್ಯಕ್ಕೆ ಹೋದವರು ಬರೆದ ಕಾಗದಗಳಿದ್ದರೆ ಜೋಪಾನವಾಗಿಡಿರಿ. ನಿವೃತ್ತರಾಗಿ ಬಂದವರಿದ್ದರೆ ಅವರ ಸಾಮಾನ್ಯ ದಿನಗಳನ್ನು ಕೇಳಿ ಬರೆಯಿಸಿರಿ. ಲೇಖಕರಾದವರು ಅವುಗಳಿಂದ ಕಥೆಗಳನ್ನು ರಚಿಸಲಿ.

ನನ್ನ ಶಿಷ್ಯನಿಗೆ ನಾನು ಕಿರಾತಾರ್ಜುನೀಯದ ಹನ್ನೊಂದನೆಯ ಸರ್ಗವನ್ನು ಕನ್ನಡದ ಅರ್ಥದೊಡನೆ ಕೈಯಿಂದ ಬರೆದು ಅಂಚೆಯಲ್ಲಿ ಕಳಿಸಿದ್ದೇನೆ. ಮುಟ್ಟಿತೆಂದು ಅವನ ಉತ್ತರ ಬಂದಿದೆ. ಸುಬೇದಾರ ಸಾಹೇಬರಿಗೆ ಅದರ ಅರ್ಥವನ್ನು ಹಿಂದಿಯಲ್ಲಿ ಹೇಳಿದನಂತೆ. ಕೇಳಿ ಅವರು, "ಅರ್ಜುನನಿಗೆ ರಜೆ ಎಷ್ಟು ದಿನದ್ದು?" ಎಂದು ಕೇಳಿದರಂತೆ.